ತಪ್ಪಿಹೋದ ಹತ್ತೂವರೆ ಮೈಲಿ

ಕುನ್ನತ್ತೂರಿನ ನೇಕಾರರ ಬೀದಿಯಲ್ಲಿ ನೂಲು ಕಳುವಾಗಲಿ, ಕೋಳಿ ಕಾಣೆಯಾಗಲಿ, ಜನ ಓಡುತ್ತಿದ್ದುದು ದೀನದಯಾಳನ್ ಮನೆಗೇ. ಮೂವತ್ತು ವರ್ಷ ಹಡಗಿನಲ್ಲಿ ದಾರಿ ಲೆಕ್ಕ ಹಾಕಿ ಬಂದ ಮುದುಕ; ಮಾತು ಕಡಿಮೆ, ಕಣ್ಣು ಮಾತ್ರ ಸೂಜಿ. ಆ ಶುಕ್ರವಾರ ಸಂಜೆ ನಾಲ್ಕಾಗುವ ಹೊತ್ತಿಗೆ ಲೋಗನಾಥನ್ ಮಗ್ಗದ ಶೆಡ್ಡಿನಿಂದ ಬರಿಗಾಲಲ್ಲೇ ಓಡಿಬಂದ.

"ತಮ್ಮ ಸಾಯ್ತಾನೆ ಮಾಮಾ! ಹೇಳಿದ ಜಾಗದಲ್ಲಿ ದೋಣಿನೇ ಇಲ್ಲವಂತೆ!"

ತಮ್ಮ ಇಳಂಗೋ ಮಗ್ಗ ಬಿಟ್ಟು ತೂತುಕುಡಿಯ ಮರದ ಸರಕು ದೋಣಿ ಸೇರಿದ್ದ. ದ್ವೀಪಕ್ಕೆ ಈರುಳ್ಳಿ ಸಾಗಿಸುವಾಗ ಹೊಟ್ಟೆನೋವು ಬಂದು ಬಿದ್ದಿದ್ದ. ಮಾಲೀಕನ ಫೋನು ಸಿಗದೆ ದೋಣಿಯವನು ಬೆಳಿಗ್ಗೆ ಸ್ಯಾಟಲೈಟ್ ಫೋನಿನಲ್ಲಿ ಇಳಂಗೋ ಮನೆಗೇ ಕರೆ ಮಾಡಿದ್ದ. ತಾನಿರುವ ಜಾಗ, ನೈಋತ್ಯ ದಿಕ್ಕು, ಗಂಟೆಗೆ ಏಳು ಮೈಲಿ ವೇಗ ಹೇಳಿ, ಎದುರುಗಾಳಿಗೆ ತಿರುಗಿ ಬರಲಾರೆ, ಹಿಡಿದ ದಾರಿಯಲ್ಲೇ ಹೋಗ್ತಿರ್ತೀನಿ ಅಂದಿದ್ದ. ಅಷ್ಟಕ್ಕೆ ಅವನ ಫೋನಿನ ಜೀವ ಹೋಯಿತು. ಬರೆದುಕೊಂಡವಳು ಇಳಂಗೋ ಹೆಂಡತಿ ಜಯಪ್ರಿಯಾ. ಚೀಟಿ ನೋಡಿ ತೂತುಕುಡಿ ಬಂದರಿಗೆ ತಿಳಿಸಿದವನು ಲೋಗನಾಥನ್. ಡಾಕ್ಟರನ್ನು ಹೊತ್ತ ವೇಗದ ಬೋಟು ಮೂರೂವರೆಗೆ ಲೆಕ್ಕದ ಜಾಗ ಮುಟ್ಟಿದರೆ, ಅಲ್ಲಿ ಬರೀ ನೀರು!

"ಇನ್ನೊಂದು ಓಟಕ್ಕಷ್ಟೇ ಡೀಸೆಲ್ ಇದೆಯಂತೆ. ಯಾವ ಕಡೆಗೆ ಅಂತ ಕೇಳ್ತಾ ಇದ್ದಾರೆ. ನಾನೇನು ಹೇಳಲಿ?"

ದೀನದಯಾಳನ್ ಚಪ್ಪಲಿ ಮೆಟ್ಟಿದರು.

ಇಳಂಗೋ ಮನೆಯಲ್ಲಿ ಬೇರೆಯೇ ರಂಪ. ತಾಯಿ ಪಳನಿಯಮ್ಮ ಸೊಸೆಯನ್ನು ಮೂಲೆಗೆ ಒತ್ತಿ ನಿಂತಿದ್ದಳು. "ಬೇಕೂಂತ ತಪ್ಪು ಬರೆದವಳೇ! 'ಹೋದ್ರೆ ತಿರುಗಿ ಬರಬೇಡ' ಅಂತ ಹೊರಡೋವಾಗ ಗಂಡನಿಗೆ ಹೇಳಿದ್ದು ನೀನಲ್ವಾ?"

"ಅದು ಸಿಟ್ಟಲ್ಲಿ ಅಂದಿದ್ದು ಅತ್ತೆ. ಅಂಕಿ ನಾನು ಎರಡು ಸಲ ಕೇಳಿ ಬರೆದೆ."

ಲೋಗನಾಥನಿಗೂ ಒಳಗೊಳಗೇ ಅನುಮಾನವಿತ್ತು, ಸುಳ್ಳೇಕೆ ಹೇಳಬೇಕು. ಸಿಟ್ಟು ಮಾಡಲು ಯಾರಾದರೂ ಒಬ್ಬರು ಬೇಕಾಗಿತ್ತು ಅವನಿಗೆ.

ದೀನದಯಾಳನ್ ಚೀಟಿ ಕೈಗೆ ತೆಗೆದುಕೊಂಡರು. ದಿನದ ಕ್ಯಾಲೆಂಡರಿನಿಂದ ಹರಿದ ಅವತ್ತಿನ ಹಾಳೆ. ಹಿಂದೆ ಜಯಪ್ರಿಯಾಳ ಅಕ್ಷರ, ಒಂದೂ ತಿದ್ದಿರಲಿಲ್ಲ. ಅಂಚಿನಲ್ಲಿ ಕುಂಕುಮ ಮೆತ್ತಿತ್ತು. ಮೂಸಿದರು, ಕರ್ಪೂರದ ವಾಸನೆ. ಹಾಳೆ ಮಗುಚಿ ಮುಂಭಾಗದ ಅಚ್ಚನ್ನೂ ಓದಿದರು.

"ಲೋಗು, ಇದು ನಿನ್ನ ಕೈಗೆ ಬಂದದ್ದು ಎಷ್ಟು ಹೊತ್ತಿಗೆ?"

"ಹನ್ನೆರಡು ದಾಟಿತ್ತು. ಅಮ್ಮ ಶೆಡ್ಡಿಗೆ ತಂದುಕೊಟ್ಟಳು. 'ಈಗ ತಾನೇ ಬಂತು' ಅಂದಳು. ನಾನೂ ಹನ್ನೆರಡರ ಸ್ಥಾನ ಅಂತಲೇ ಹೇಳಿದೆ."

"ಜಯಪ್ರಿಯಾ, ನೀನೆಲ್ಲಿದ್ದೆ?"

"ಚೀಟಿ ಅತ್ತೆ ಕೈಗೆ ಕೊಟ್ಟು, ನಮ್ಮ ಮನೆಯವರ ಹಳೇ ಹೊಟ್ಟೆ ಸ್ಕ್ಯಾನ್ ತರೋಕೆ ಅವಿನಾಶಿ ಆಸ್ಪತ್ರೆಗೆ ಬಸ್ಸು ಹತ್ತಿದೆ."

"ನಿನ್ನ ಫೋನು ತೋರಿಸು."

ಕರೆ ಬಂದದ್ದು ಹತ್ತೂ ಮೂವತ್ತೆರಡಕ್ಕೆ. ಅವಿನಾಶಿಯಿಂದ ಬಂದಾಗಿನಿಂದ ಎಲ್ಲರೂ ಜಯಪ್ರಿಯಾಳನ್ನು ಅಂಕಿಯ ಬಗ್ಗೆಯೇ ಹಿಂಡಿದ್ದರು. ಹೊತ್ತು ಯಾರೂ ಕೇಳಿರಲಿಲ್ಲ.

"ಕೂತ್ಕೊಳ್ಳಿ ಎಲ್ಲ," ಅಂದರು ದೀನದಯಾಳನ್. "ಅಂಕಿ ಸರಿ ಇದೆ. ತಿದ್ದಿದ ಗುರುತಿಲ್ಲ, ಬೋಟಿನವರದೂ ತಪ್ಪಿಲ್ಲ. ಕೆಟ್ಟದ್ದು ಹೊತ್ತು. ಓಡೋ ದೋಣಿಯನ್ನ ಹಿಡಿಯೋಕೆ ಅದು ಇರೋ ಕಡೆ ಹೋಗಬಾರದು, ಇರಲಿರೋ ಕಡೆ ಹೋಗಬೇಕು. ಅದಕ್ಕೆ ಜಾಗ, ದಿಕ್ಕು, ವೇಗದ ಜೊತೆ ಎಷ್ಟು ಗಂಟೆಯ ಜಾಗ ಅನ್ನೋದೂ ಗೊತ್ತಿರಬೇಕು. ಈ ಚೀಟಿ ಒಂದೂವರೆ ಗಂಟೆ ಈ ಮನೆಯಲ್ಲೇ ಕೂತಿತ್ತು. ಕುಂಕುಮ, ಕರ್ಪೂರ, ಅಂದರೆ ದೇವರ ಪಟದ ಮುಂದೆ. ಯಾಕೆ ಅಂತ ಹಾಳೆಯಲ್ಲೇ ಅಚ್ಚಾಗಿದೆ: ಶುಕ್ರವಾರ ರಾಹುಕಾಲ, ಹತ್ತೂವರೆಯಿಂದ ಹನ್ನೆರಡು. ಅಲ್ವಾ ಪಳನಿಯಮ್ಮ?"

ಪಳನಿಯಮ್ಮನಿಗೆ ಅರ್ಥವೇ ಆಗಲಿಲ್ಲ. "ಮಗನ ಜೀವದ ಕೆಲಸ ರಾಹುಕಾಲದಲ್ಲಿ ಶುರು ಮಾಡ್ತಾರಾ? ಪೂಜೆ ಮಾಡಿ ಕೊಟ್ಟೆ. ಜಾಗ ಬರೆದಿದೆಯಲ್ಲಪ್ಪಾ! ಅವಿನಾಶಿ ಊರು ಬೆಳಿಗ್ಗೆ ಇದ್ದ ಕಡೇನೇ ಮಧ್ಯಾಹ್ನವೂ ಇರಲ್ವಾ?"

"ಇದು ಅವಿನಾಶಿ ಅಲ್ಲ ತಾಯಿ, ದೋಣಿ. ಅಷ್ಟರಲ್ಲಿ ಹತ್ತೂವರೆ ಮೈಲಿ ಮುಂದೆ ಹೋಯ್ತು."

ಮುದುಕಿ ಸೊಸೆಯ ಪಕ್ಕಕ್ಕೆ ಸರಿದು ಕೂತಳು.

ದೀನದಯಾಳನ್ ಆಗಲೇ ಗೀಟು ಎಳೆಯುತ್ತಿದ್ದರು. "ಈಗ ನಾಲ್ಕೂ ಕಾಲು. ಬೋಟು ನಿಂತ ಮುಕ್ಕಾಲು ಗಂಟೆಯಲ್ಲಿ ಇನ್ನೂ ಐದು ಚಿಲ್ಲರೆ ಸೇರಿ, ದೋಣಿ ಹದಿನಾರು ಮೈಲಿ ಮುಂದಿದೆ. ಬೋಟಿನ ವೇಗ ಇಪ್ಪತ್ತು, ದೋಣಿಯದು ಏಳು. ಗಂಟೆಗೆ ಹದಿಮೂರು ಮೈಲಿ ಹತ್ತಿರವಾಗ್ತಾರೆ. ನೈಋತ್ಯಕ್ಕೆ ನೇರ ಬಿಡಲಿ. ಐದೂವರೆಗೆ ಕಣ್ಣಿಗೆ ಬೀಳುತ್ತೆ."

ಲೋಗನಾಥನ್ ಫೋನಿನಲ್ಲಿ ಕಿರುಚಿದ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಕಡಲನ್ನೇ ಕಾಣದ ಊರಲ್ಲಿ ಕೂತು ಗಡಿಯಾರ ನೋಡುವುದು ಎಂಥ ಹಿಂಸೆ ಅಂತ ಅವನಿಗೆ ಅವತ್ತು ಗೊತ್ತಾಯಿತು. ಹಾಳು ಮುಳ್ಳು ಸರಿಯಲೇ ಇಲ್ಲ.

ಐದೂ ಮೂವತ್ತಮೂರಕ್ಕೆ ಫೋನು ಬಂತು. ದೋಣಿ ಸಿಕ್ಕಿತ್ತು. ಇಳಂಗೋಗೆ ಉಸಿರಿತ್ತು. ಆದರೆ ಕರುಳು ಮಧ್ಯಾಹ್ನವೇ ಒಡೆದಿದೆ, ದಡಕ್ಕೆ ಇನ್ನೂ ಐದು ಗಂಟೆ ಅಂದ ಡಾಕ್ಟರು, ಫೋನನ್ನು ಅವನ ಕಿವಿಗೆ ಹಿಡಿದರು.

"ಅಮ್ಮಾ, ದಾರಿ ಬರೆದುಕೊಂಡದ್ದು ಜಯಾನಾ?"

ಪಳನಿಯಮ್ಮ ಸೊಸೆಯ ಕೈ ಗಟ್ಟಿಯಾಗಿ ಹಿಡಿದಳು. "ಹೌದು ಕಂದಾ. ಅವಳು ಒಂದಕ್ಷರ ತಪ್ಪಿಲ್ಲ. ತಪ್ಪಿದ್ದು ನಾನು."

"ಬಿಡಮ್ಮ," ಅಂದ ಇಳಂಗೋ. "ಅವಳಿಗೆ ಕೊಡು."

ಜಯಪ್ರಿಯಾ ಫೋನು ಕಿವಿಗಿಟ್ಟಳು. "ತಿರುಗಿ ಬನ್ನಿ," ಅಂದಳು. "ನಾನಂದದ್ದು ಸುಳ್ಳು, ತಿರುಗಿ ಬನ್ನಿ." ಆ ಕಡೆ ಬೋಟಿನ ಇಂಜಿನ್ ಸದ್ದೊಂದೇ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು, "ಫೋನು ಮನೆಯ ಗಂಡಸರಿಗೆ ಕೊಡಮ್ಮ," ಅಂದರು.