ಶನಿವಾರದ ಒಪ್ಪತ್ತು

"ಡ್ರೈವರ್ ಎಲ್ಲಿ? ಆಗ್ಲೇ ಆರಾಯ್ತು..." ಎನ್ನುತ್ತಾ ಮೀನಾಕ್ಷಿ ಟಿಟಿ ಗಾಡಿಯ ಮುಂದಿನ ಬಾಗಿಲು ಎಳೆದಳು.

ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿದ್ದವನು ತಿರುಗಿ ನೋಡಿದ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಶಶಿ...

ಹತ್ತು ವರ್ಷ! ಮೀಸೆ ಬಂದಿದೆ, ಭುಜ ಅಗಲವಾಗಿದೆ. ಆದರೆ ಕಣ್ಣು ಅವೇ. ಯಾರ ಮೇಲೋ ಸಿಟ್ಟಾಗಿ, ಆ ಸಿಟ್ಟು ಇನ್ನೂ ಆರದ ಕಣ್ಣು.

"ಹತ್ತಿ... ಮೇಡಂ."

"ಅರಸೀಕೆರೆಯಿಂದ ಬೇರೆ ಡ್ರೈವರ್ ಬರ್ತಾರೆ ಅಂದಿದ್ರು?"

"ಅವನಿಗೆ ಜ್ವರ. ಬೇಡ ಅಂದ್ರೆ ಇಳೀತೀನಿ."

"ಇಳಿದ್ರೆ ಗಾಡಿ ನಾನು ಓಡಿಸ್ಲಾ? ನೀವು ರಸ್ತೆ ನೋಡಿ ಸಾಕು. ನನ್ ಜೊತೆ ಮಾತು ಬೇಡ."

'ನೀವು' ಎಂದಳು. ಒಂದೇ ಬೆಂಚಿಗೆ ಜಗಳವಾಡಿದವನಿಗೆ! ಅದು ಮರ್ಯಾದೆಯಲ್ಲ, ಗೋಡೆ ಎಂದು ಅವನಿಗೂ ತಿಳಿಯಿತು.

ಮಾದಿಹಳ್ಳಿ ಡೈರಿಯ ಹನ್ನೆರಡು ಹೆಂಗಸರಿಗೆ ಅಂದು ಒಂದು ದಿನದ ಮೈಸೂರು ಪ್ರವಾಸ. ಮೀನಾಕ್ಷಿಯೇ ಗೈಡ್. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಹಳೇಬೀಡಿನ ಗುಡಿಯಲ್ಲಿ ಪ್ರವಾಸಿಗರಿಗೆ ಕಥೆ ಹೇಳುತ್ತಿದ್ದವಳು.

ಡೈರಿ ಅಧ್ಯಕ್ಷೆ ವಿಶಾಲಮ್ಮ ಹತ್ತುತ್ತಲೇ ಕಣ್ಣು ಕಿರಿದು ಮಾಡಿದರು. "ಯಾರ್ಲಾ ಅದು? ಧರ್ಮಪ್ಪನ ಮಗ ಅಲ್ವೇನ್ಲಾ ನೀನು? ಮನೆ ಬಿಟ್ಟು ಓಡ್ಹೋದೋನು!"

"ಓಡ್ಲಿಲ್ಲ ವಿಶಾಲಕ್ಕ, ನಡ್ಕೊಂಡೇ ಹೋದೆ," ಎಂದು ಶಶಿ ಗಾಡಿ ಸ್ಟಾರ್ಟ್ ಮಾಡಿದ.

ಮೀನಾಕ್ಷಿಯ ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಅವ್ವ ಮುನಿಯಮ್ಮ ನಾಲ್ಕು ಗಂಟೆಗೇ ಎದ್ದು ತಟ್ಟಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಆ ವಾಸನೆ ಗಾಡಿ ತುಂಬ ಹರಡಿತು.

ಗೇರ್ ಮೇಲಿದ್ದ ಶಶಿಯ ಕೈ ಒಂದು ಗಳಿಗೆ ನಿಂತುಹೋಯಿತು.

ಅವಳಿಗೂ ಎಲ್ಲ ನೆನಪಾಯಿತು. ಮರೆತಿದ್ದರೆ ತಾನೇ!

ಒಂಬತ್ತನೇ ಕ್ಲಾಸು. ವರ್ಷವಿಡೀ ಹೈಸ್ಕೂಲಿನ ಹಿಂದಿನ ಹೊಂಗೆಮರದ ಕೆಳಗೆ ಅವಳ ಡಬ್ಬಿಯಲ್ಲಿ ಅರ್ಧ ಅವನದು. ಆಮೇಲೆ ಇದೇ ಮೈಸೂರಿಗೆ ಸ್ಕೂಲ್ ಪ್ರವಾಸ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಊಟ. ಯಾರೋ ಒಬ್ಬ ಕೂಗಿದ, "ಸಾರ್, ಶಶಿ ಆ ಕೇರಿಯೋಳ ಡಬ್ಬೀಲಿ ತಿಂತಾನೆ!"

ಮೇಷ್ಟ್ರು ತಿರುಗಿದರು. "ತಿಂದ್ಯೇನೋ?"

"ಇಲ್ಲ ಸಾರ್."

ಅಷ್ಟೇ. ಬಾಯಿಯ ಮೂಲೆಯಲ್ಲಿ ಹುಚ್ಚೆಳ್ಳು ಚಟ್ನಿಯ ಕರಿ ಇನ್ನೂ ಇತ್ತು... ಇಲ್ಲ ಸಾರ್ ಅಂದ!

ಯಾರದೋ ಕಾಲು ಡಬ್ಬಿಗೆ ತಾಗಿತು. ಬೇಕೆಂದೇ ತಾಗಿತು. ರೊಟ್ಟಿ ಮಣ್ಣುಪಾಲು. ಮಾರನೇ ವಾರದಿಂದ ಶಶಿ ಶಾಲೆಗೇ ಬರಲಿಲ್ಲ. 'ನನ್ನ ಪಕ್ಕ ಕೂರೋಕೆ ಹೇಸಿ ಬಿಟ್ಟ,' ಎಂದುಕೊಂಡಳು ಅವಳು. ಹತ್ತು ವರ್ಷ ಹಾಗೆಯೇ ಎಂದುಕೊಂಡಿದ್ದಳು.

ಮೈಸೂರು ತಲುಪಿದಾಗ ಬಿಸಿಲು ಏರಿತ್ತು. ಅರಮನೆ ಮುಗಿಸಿ ಮಾನಸಗಂಗೋತ್ರಿಗೆ ಬಂದರು. ದೊಡ್ಡ ಮರಗಳ ಕೆಳಗೆ ಹುಡುಗಿಯರು ಪುಸ್ತಕ ಎದೆಗೊತ್ತಿಕೊಂಡು ನಡೆಯುತ್ತಿದ್ದರು. ಮುದುಕಿ ಹುಚ್ಚಮ್ಮ ಬಾಯಿ ತೆರೆದು ನೋಡಿದಳು.

"ಇಲ್ಲಿ ನಮ್ ಮೊಮ್ಮಗಳನ್ನೂ ಸೇರಿಸ್ಕತಾರಾ ಮೇಡಮ್ಮಾ?"

"ಓದಿದ್ರೆ ಯಾಕ್ ಸೇರಿಸ್ಕೊಳಲ್ಲ ಅಜ್ಜಿ? ನಾನು ಓದಿದ್ದು ಅದೋ, ಆ ಮೆಟ್ಟಿಲು ಹತ್ತಿದ್ರೆ ಬಲಗಡೆ ರೂಮು."

ಶಶಿ ಮಾತ್ರ ಗೇಟಿನ ಹೊರಗೇ ನಿಂತಿದ್ದ.

"ಒಳಗೆ ಬರಬಹುದು. ಮಾರ್ಕ್ಸ್ ಕಾರ್ಡ್ ಕೇಳಲ್ಲ," ಎಂದಳು ಮೀನಾಕ್ಷಿ. ಚುಚ್ಚಬೇಕೆಂದೇ ಅಂದದ್ದು.

"ಕೇಳಿದ್ರೆ ತೋರ್ಸೋಕೆ ಒಂಬತ್ತನೇ ಕ್ಲಾಸಿಂದೂ ಇಲ್ಲ," ಎಂದ ಅವನು. ನಗಲಿಲ್ಲ.

ಊಟಕ್ಕೆ ಎಲ್ಲಿ ನಿಲ್ಲಿಸುವುದು? ಹೆಂಗಸರೇ ಹೇಳಿದರು, "ಆ ಕೆರೆ ತಾವ ತಣ್ಣಗೈತೆ!"

ಅದೇ ಕೆರೆ.

ಜಮಖಾನ ಹಾಸಿದರು. ಪುಳಿಯೋಗರೆ, ಚಕ್ಕುಲಿ, ಮೊಸರನ್ನ ಕೈಯಿಂದ ಕೈಗೆ ಹೋದವು. ವಿಶಾಲಮ್ಮ ಬೆಣ್ಣೆಯಂಥ ದನಿಯಲ್ಲಿ ಹೇಳಿದರು, "ಮೇಡಂ, ನೀವು ಓದಿರೋರು, ನೆಲದ ಮ್ಯಾಲೆ ಕೂತು ಉಣ್ಣೋಕೆ ಕಷ್ಟ. ಆಚೆ ಹೋಟ್ಲೈತೆ, ಅಲ್ಲಿ ಆರಾಮಾಗಿ ಉಂಡು ಬನ್ನಿ."

ಬೈದರೆ ತಿರುಗಿ ಬೈಯಬಹುದು. ಹೊಡೆದರೆ ಕೇಸು ಹಾಕಬಹುದು. ಈ ನಗುಮುಖದ ಮೇಲೆ ಯಾವ ಸ್ಟೇಷನ್ನಿನಲ್ಲಿ ದೂರು ಕೊಡುವುದು, ನೀವೇ ಹೇಳಿ!

"ಇವತ್ತು ಶನಿವಾರ ಅಲ್ವಾ ಅಕ್ಕ... ನನಗೆ ಒಪ್ಪತ್ತು," ಎಂದಳು ಮೀನಾಕ್ಷಿ. "ಹಗಲು ಊಟ ಮಾಡಲ್ಲ."

"ಅಯ್ಯೋ, ಎಂಥಾ ಭಕ್ತಿ! ಮಾಲೇಕಲ್ಲು ತಿಮ್ಮಪ್ಪ ಒಳ್ಳೇದ್ ಮಾಡ್ಲಿ!"

ಎಲ್ಲರ ಮುಖದಲ್ಲೂ ನಿರಾಳ. ಪ್ರತಿ ಪ್ರವಾಸದಲ್ಲೂ ಹೀಗೇ. ಸೋಮವಾರವಾದರೆ ಈಶ್ವರ, ಶನಿವಾರವಾದರೆ ತಿಮ್ಮಪ್ಪ, ಭಾನುವಾರವಾದರೆ ಹೊಟ್ಟೆನೋವು. ಯಾರೂ 'ಬೇಡ' ಎನ್ನುವ ಮೊದಲು ತಾನೇ 'ಬೇಡ' ಎಂದುಬಿಡುವುದು. ಸಂಜೆ ಡಬ್ಬಿಯದ್ದನ್ನೆಲ್ಲ ಬಸ್‌ಸ್ಟ್ಯಾಂಡಿನ ಹಸುವಿಗೆ ಹಾಕಿ, ತೊಳೆದು ಮನೆಗೆ ಒಯ್ಯುವುದು.

"ಎಲ್ಲಾ ಖಾಲಿ! ಎಲ್ರೂ ತಿಂದ್ರಾ ಮಗಾ?" ಎಂದು ಅವ್ವನ ಮುಖ ಅರಳುತ್ತದೆ.

"ತಿಂದ್ರು ಕಣವ್ವ. ಚೆನ್ನಾಗೈತೆ ಅಂದ್ರು."

ಮೀನಾಕ್ಷಿ ಡಬ್ಬಿ ಹಿಡಿದು ಗಾಡಿಯ ಹಿಂದೆ ಹೋದಳು. ಅಲ್ಲಿ ಶಶಿ ನಿಂತಿದ್ದ. ಮುಖ ಕೆಂಡ!

"ನಿಮ್ಮನೇಲಿ ಯಾವ ಒಪ್ಪತ್ತು? ನಿಮ್ಮಪ್ಪ ಜವರಪ್ಪ ಬುದ್ಧನ ಫೋಟೋ ಇಟ್ಟ ದಿನಾನೇ ಎಲ್ಲಾ ಹರಕೆ ಬಿಟ್ಟೋರು. ಯಾರಿಗೋಸ್ಕರ ಉಪವಾಸ ಬೀಳ್ತಿದ್ದೀಯ ಮೀನಾ?"

"ಮೀನಾ ಅನ್ಬೇಡ."

"ಡಬ್ಬಿ ಕೊಡು. ಅವರೆಲ್ಲರ ಮುಂದೆ ಕೂತು ತಿಂತೀನಿ. ಈಗ್ಲೇ!"

"ಯಾಕೆ? ಹನ್ನೆರಡು ಜನ ನೋಡ್ಲಿ, ಶಶಿ ದೊಡ್ಡೋನು ಅನ್ಲಿ ಅಂತಾನಾ?" ಅವಳು ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. "ನಮ್ಮವ್ವನ ರೊಟ್ಟಿ ನಿನ್ನ ಪಾಪ ತೊಳ್ಯೋಕಲ್ಲ ಕಣೋ. ಹಸಿದೋರಿಗೆ!"

ಅವನು ನೆಲ ನೋಡುತ್ತಾ ಹೇಳಿದ.

"ಇಲ್ಲ ಅಂದ್ರೂ ಸುದ್ದಿ ಮನೆ ಮುಟ್ಟಿತ್ತು. ಅಪ್ಪ ಅಂಗಳದಲ್ಲಿ ನಿಲ್ಸಿ, ಗಂಜಲ ಕುಡಿ, ಶುದ್ಧ ಆಗು ಅಂದ. ಕುಡೀಲಿಲ್ಲ. ದನಕ್ಕೆ ಹೊಡ್ದಂಗೆ ಹೊಡೆದ. ಉಟ್ಟ ಬಟ್ಟೇಲಿ ಅರಸೀಕೆರೆಗೆ ನಡೆದೆ, ಲಾರಿ ಕ್ಲೀನರ್ ಆದೆ... ನಿನ್ನ ಬಿಟ್ಟಿದ್ದಲ್ಲ ಮೀನಾ. ನಿನ್ನ ಮುಖ ನೋಡೋ ಯೋಗ್ಯತೆ ಬಿಟ್ಟೋಗಿತ್ತು."

ಅವಳ ಕಣ್ಣು ತುಂಬಿತು. 'ಹೇಸಿ ಬಿಟ್ಟದ್ದಲ್ಲ... ಹಾಗಾದರೆ ಇಷ್ಟು ವರ್ಷ ನಾನು ಅಂದುಕೊಂಡದ್ದು?' ಆದರೂ ಅವಳು ಕರಗಲಿಲ್ಲ.

"ನೀನು ಊರು ಬಿಟ್ಟೆ. ನಾನು? ಸೋಮವಾರ ಅದೇ ಕ್ಲಾಸಿಗೆ ಹೋಗಿ, ಅದೇ ಬೆಂಚಲ್ಲಿ, ಒಬ್ಳೇ ಕೂತೆ ಶಶಿ."

ಶಶಿ ತಲೆಯೆತ್ತಿ ಅವಳನ್ನು ನೋಡಿದ.

"ಹೌದು," ಎಂದ. "ಆ ಒಂದು 'ಇಲ್ಲ' ನಂದೇ. ಯಾರೂ ಹೇಳಿಸ್ಲಿಲ್ಲ."

ಸಮಜಾಯಿಷಿ ಕೊಡದ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು.

ಮೀನಾಕ್ಷಿ ಕಣ್ಣೊರೆಸಿಕೊಂಡಳು. ನೇರ ಜಮಖಾನದ ಹತ್ತಿರ ನಡೆದು, ಅಂಚಿನಲ್ಲಿ ಕೂತು, ಡಬ್ಬಿಯ ಮುಚ್ಚಳ ತೆಗೆದಳು.

"ನನಗೆ ಒಪ್ಪತ್ತಿಲ್ಲ ವಿಶಾಲಕ್ಕ. ಯಾವತ್ತೂ ಇರ್ಲಿಲ್ಲ. ನೀವು ಬೇಡ ಅನ್ನೋದು ಕೇಳೋಕಾಗ್ದೆ ಸುಳ್ಳು ಹೇಳ್ತಿದ್ದೆ. ಈಗ ನನಗೆ ಹೊಟ್ಟೆ ಹಸಿದೈತೆ."

ರೊಟ್ಟಿ ಮುರಿದು ಬಾಯಿಗಿಟ್ಟಳು.

ಒಬ್ಬಳು ತನ್ನ ತಟ್ಟೆಯನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಂಡಳು. ಮೊಮ್ಮಗಳ ಸೀಟು ಕೇಳಿದ ಹುಚ್ಚಮ್ಮ ಕೂಡ ಕೆರೆಯ ಕಡೆ ಮುಖ ಮಾಡಿದಳು. ಆದರೂ ಮೀನಾಕ್ಷಿ ಇನ್ನೊಂದು ತುಂಡು ಮುರಿದಳು.

ಶಶಿ ಬಂದು ಎರಡು ಮಾರು ದೂರದಲ್ಲಿ ನಿಂತ.

"ಮೀನಾ... ನನಗೂ ಹಸಿವು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಲೇ!" ವಿಶಾಲಮ್ಮನ ದನಿಯ ಬೆಣ್ಣೆ ಕರಗಿಹೋಗಿತ್ತು. "ನಿಮ್ಮಪ್ಪಂಗೆ ಹೇಳ್ತೀನಿ ನೋಡು!"

"ಹೇಳಿ ಅಕ್ಕ. ನಂಬರ್ ಇಲ್ದಿದ್ರೆ ನಾನೇ ಫೋನ್ ಮಾಡ್ಕೊಡ್ತೀನಿ."

ಮೀನಾಕ್ಷಿ ತಲೆಯೆತ್ತಿ ಅವನನ್ನು ನೋಡಿದಳು.

"ಕೈ ತೊಳ್ಕೊಂಡ್ ಬಾ," ಎಂದಳು. "ನಮ್ಮಲ್ಲಿ ಕೈ ತೊಳೀದೋರನ್ನ ಊಟಕ್ಕೆ ಕೂರಿಸಲ್ಲ."

ಅವನು ತೊಳೆದುಕೊಂಡು ಬಂದ. ಮೊದಲ ತುತ್ತಿಗೇ ಕಣ್ಣೀರು ಬಳಬಳ ಇಳಿಯಿತು.

"ಖಾರಾನಾ?"

"ಊಂ... ಖಾರ."

ವಾಪಸ್ ದಾರಿಯಲ್ಲಿ ಗಾಡಿಯೊಳಗೆ ಹಾಡಿಲ್ಲ, ನಗುವಿಲ್ಲ. ಹಾಸನ ದಾಟಿದ ಮೇಲೆ ವಿಶಾಲಮ್ಮ ಕಿಟಕಿಗೆ ಹೇಳುವಂತೆ ಹೇಳಿದರು, "ಮುಂದಿನ್ ಸಲಕ್ಕೆ ಬೇರೆ ಗೈಡ್ ನೋಡ್ಬೇಕು." ಯಾರೂ 'ಯಾಕೆ' ಎನ್ನಲಿಲ್ಲ.

ಮಾದಿಹಳ್ಳಿಯಲ್ಲಿ ಎಲ್ಲರೂ ಇಳಿದರು. ಸಂಜೆಯ ಹಾಲು ಹಾಕುವ ಹೊತ್ತು. ಕೇರಿಯ ತಿರುವಿನಲ್ಲಿ ಶಶಿ ಗಾಡಿ ನಿಲ್ಲಿಸಿದ.

"ಹಳೇಬೀಡಿಗೆ ಗಿರಾಕಿ ಕರ್ಕೊಂಡ್ ಬಂದಾಗೆಲ್ಲ ಬೇಲಿ ಆಚೆ ನಿಂತು ನೀನು ಕಥೆ ಹೇಳೋದು ಕೇಳ್ತಿದ್ದೆ," ಎಂದ. "ಹತ್ರ ಬರೋಕೆ ಧೈರ್ಯ ಇರ್ಲಿಲ್ಲ. ನೀನಂದ್ರೆ ನನಗೆ... ಆ ಹೊಂಗೆಮರದ ದಿನದಿಂದಾನೂ ಪ್ರಾಣ ಕಣೇ."

"ಊರು ನಮ್ಮನ್ನ ಸುಮ್ನೆ ಬಿಡಲ್ಲ ಶಶಿ."

"ಗೊತ್ತು."

"ನಿಮ್ಮಪ್ಪ ಇವತ್ತೇ ದೊಣ್ಣೆ ಹಿಡ್ಕೊಂಡ್ ಬರ್ತಾರೆ."

"ಬರ್ಲಿ. ಈ ಸಲ ಊರು ಬಿಡಲ್ಲ."

ಅವಳು ಖಾಲಿ ಡಬ್ಬಿಯನ್ನು ಎದೆಗೊತ್ತಿಕೊಂಡು ಇಳಿದಳು.

"ಅವ್ವಂಗೆ ಏನಂತೀಯ? ಎಲ್ರೂ ತಿಂದ್ರು ಅಂತಾನಾ?"

"ಇಲ್ಲ. ಒಬ್ಬ ತಿಂದ ಅಂತೀನಿ."

"ಯಾರು ಅಂತ ಕೇಳಿದ್ರೆ?"

ಮೀನಾಕ್ಷಿ ನಾಲ್ಕು ಹೆಜ್ಜೆ ನಡೆದು ತಿರುಗಿ ನಿಂತಳು.

"ಅದನ್ನ ನೀನೇ ಬಂದು ಹೇಳು. ಬಾ."

ಶಶಿ ಇಂಜಿನ್ ಆರಿಸಿ ಗಾಡಿಯಿಂದ ಇಳಿದ.