ಹಂಪವ್ವ ಸಹಿ ಮಾಡಿದ ಕಡ್ಡಿ

“ಚಾಚಿ, ಇದು ಬಗ್ಗವಲ್ದು,” ಅಂದಳು ಹಂಪವ್ವ.

“ಮೋಟಾರ್ ಸೈಕಲ್ಲಿನ ಗಾಲಿ ಕಡ್ಡಿ ಅದು. ಸುಮ್‌ಸುಮ್ಕ ಬಗ್ಗಿದ್ರ ಮಂದಿ ರಸ್ತೇದಾಗ ಬೀಳ್ತಾರ,” ಅಂದಳು ಅಬೇದಾಬಿ. ಭಾಗ್ಯನಗರದ ಸೈಕಲ್ ಅಂಗಡಿ ಅವಳದು. ಪಂಕ್ಚರ್ ಹಾಕುತ್ತ, ತಲೆ ಎತ್ತದೆ ಮಾತಾಡುವುದು ಅವಳ ರೂಢಿ.

ಆರನೇ ಕ್ಲಾಸಿನ ಹಂಪವ್ವ ಕಡ್ಡಿ ಕಚ್ಚಿದ ಪಕ್ಕಡವನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದಳು. ಕಡ್ಡಿಗೆ ಏನೂ ಆಗಲಿಲ್ಲ. ಅಂಗೈ ಮಾತ್ರ ಕೆಂಪಗಾಯಿತು.

ಈ ಕೆಲಸ ಹಚ್ಚಿದವನು ದೇವೇಂದ್ರಪ್ಪ ಕಾಕಾ. ಹನ್ನೆರಡು ವರ್ಷ ಏರ್‌ಫೋರ್ಸ್‌ನಲ್ಲಿ ನಟ್ಟು ಬಿಗಿದು ಬಂದವನು. ಈಗ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಏರ್‌ಫೋರ್ಸ್ ಬಿಟ್ಟು ಬರುವಾಗ ಮುಷ್ಟಿಯಷ್ಟೇ ಇದ್ದ ಎಂಜಿನ್ ಒಂದನ್ನು ತಂದಿದ್ದ. ಅದು ಒಡೆದರೆ ಅಂಥದ್ದು ಕೊಪ್ಪಳದಲ್ಲೂ ಸಿಗದು, ರಾಯಚೂರಿನಲ್ಲೂ ಸಿಗದು. ಅದಕ್ಕೊಂದು ಪುಟ್ಟ ವಿಮಾನ ಮಾಡುವುದರಲ್ಲೇ ಕಾಕಾ ಮತ್ತು ಹಂಪವ್ವನ ಬ್ಯಾಸಗಿ ಸೂಟಿ ಮುಗಿದಿತ್ತು.

ಆ ವಿಮಾನಕ್ಕೆ ಎರಡು ಉದ್ದನೆಯ ತಂತಿ. ತಂತಿಯ ಹಿಡಿಕೆ ಹಿಡಿದು ಕಾಕಾ ನಡುವೆ ನಿಂತರೆ, ವಿಮಾನ ಅವನ ಸುತ್ತ ತಿರುಗುತ್ತ ಹಾರಬೇಕು. ಎರಡು ರೆಕ್ಕೆಗಳ ಹಿಂದೆ ಒಂದೊಂದು ಪಟ್ಟಿ. ಅದಕ್ಕೆ ಫ್ಲ್ಯಾಪ್ ಅಂತ ಹೆಸರು. ಎರಡು ಫ್ಲ್ಯಾಪನ್ನೂ ಕೂಡಿಸುವುದು ಒಂದೇ ಕಡ್ಡಿ. ಅದರ ತುದಿಗಳನ್ನು ಬಗ್ಗಿಸಿ ಒಂದೊಂದು ಫ್ಲ್ಯಾಪಿಗೆ ಸಿಗಿಸಬೇಕು. ಹಿಡಿಕೆ ಆಡಿಸಿದರೆ ಕಡ್ಡಿ ತಿರುಗಬೇಕು, ಎರಡೂ ಸರಿಸಮ ಏಳಬೇಕು.

“ಒಂದು ಎದ್ದು ಇನ್ನೊಂದು ಮಲಗಿದ್ರ?” ಅಂತ ಹಂಪವ್ವ ಕೇಳಿದ್ದಳು.

“ವಿಮಾನ ಹೊಳ್ಳಿ ಬೀಳತೈತಿ. ಎಂಜಿನ್ ಪುಡಿಪುಡಿ,” ಅಂದಿದ್ದ ಕಾಕಾ, ಇವತ್ತು ಪಲ್ಯ ಏನು ಅಂತ ಹೇಳುವವನ ಹಾಗೆ. “ಜೋರು ಓಡುವಾಗ ಗಾಳಿ ಫ್ಲ್ಯಾಪನ್ನ ಕೈಲೆ ಒತ್ತಿ ಹಿಡದಂಗ ಹಿಡೀತೈತಿ. ಅದಕ್ಕ ಎಷ್ಟು ದಪ್ಪ ಕಡ್ಡಿ ಬೇಕು, ನೀನ ಆರಸು. ನಾ ನಡುವ ಬಾಯಿ ಹಾಕಂಗಿಲ್ಲ.”

ಹಂಪವ್ವ ಹತ್ತು ಸೈಕಲ್ ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಕಂಪಾಸ್ ಬಾಕ್ಸಿನ ಸ್ಕೇಲ್ ಇಟ್ಟಳು. ಇಪ್ಪತ್ತು ಮಿಲಿಮೀಟರ್. ಅಂದರೆ ಒಂದಕ್ಕೆ ಎರಡು. ಮೋಟಾರ್ ಸೈಕಲ್ ಕಡ್ಡಿ ಹತ್ತಕ್ಕೆ ಮೂವತ್ತು. ಒಂದಕ್ಕೆ ಮೂರು. ಮೂರರದ್ದೇ ಸರಿ ಅಂತ ಅವಳಿಗೆ ಅನ್ನಿಸಿತ್ತು. ಆದರೆ ಅಂಗೈ ಉರಿಯುತ್ತಿತ್ತು.

ಎರಡರ ಕಡ್ಡಿ ಹೇಳಿದ ಮಾತು ಕೇಳಿತು. ಎಲ್ಲ ಮೂಲೆಗಳೂ ಚೌಕವಾಗಿ, ಅಂದವಾಗಿ ಬಂದವು. ಸಾಲಿಯಲ್ಲಿ ನೀಟಾಗಿ ಬರೆದರೆ ಎರಡು ಮಾರ್ಕ್ಸ್ ಜಾಸ್ತಿ. ಇಲ್ಲೂ ಹಾಗೇ ಇರಬೇಕು ಅಂತ ಹಂಪವ್ವ ತನಗೆ ತಾನೇ ಹೇಳಿಕೊಂಡಳು.

“ತೆಳ್ಳಂದ ಸಾಕೇನ ಬೇಟಿ?”

“ಸಾಕು ಚಾಚಿ. ವಿಮಾನ ಹಗುರ ಇರಬೇಕಲ್ಲ.”

ಅಬೇದಾಬಿ ಅವತ್ತು ಮೊದಲ ಸಲ ತಲೆ ಎತ್ತಿ ನೋಡಿದಳು. ಮತ್ತೆ ಪಂಕ್ಚರಿಗೆ ಬಗ್ಗಿದಳು.

ಕಾಕಾನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾವ ಕೆಲಸ ಯಾರು ಮಾಡಿದರೋ ಅದರ ಮುಂದೆ ಅವರ ಸಹಿ. ಏರ್‌ಫೋರ್ಸ್‌ನಲ್ಲಿ ಕಲಿತ ಪದ್ಧತಿ. ಕಡ್ಡಿ ಕೂಡಿಸಿದ ಮೇಲೆ ಹಂಪವ್ವ ಬರೆದಳು: ‘ಫ್ಲ್ಯಾಪ್ ಕಡ್ಡಿ. ಪರೀಕ್ಷೆ ಮಾಡಿದ್ದೇನೆ. ಹಂಪವ್ವ.’ ಹುಟ್ಟಿದಾಗಿನಿಂದ ಅವಳು ಮಾಡಿದ ಮೊದಲ ಸಹಿ ಅದು. ಕೆಳಗೆ ಗೆರೆ ಎಳೆದು ಎರಡು ಚುಕ್ಕಿಯನ್ನೂ ಇಟ್ಟಳು.

ಶನಿವಾರ ಮುಂಜಾನೆ ಸಾಲಿಯ ಮೈದಾನದ ತುಂಬ ಮಕ್ಕಳು. ಹೆಡ್‌ಮಾಸ್ತರ್ ಅಮರಪ್ಪನವರು ಭಾಷಣ ಬರೆದುಕೊಂಡೇ ಬಂದಿದ್ದರು.

ಕಾಕಾ ಪ್ರೊಪೆಲರಿಗೆ ಬೆರಳು ಕೊಟ್ಟು ತಿರುಗಿಸಿದ. ಎಂಜಿನ್ ಚೀರತೊಡಗಿತು. ಅದರ ಇಂಧನದಲ್ಲಿ ಹರಳೆಣ್ಣೆ ಬೆರೆಸಿದ್ದರು. ಅದು ಹಂಪವ್ವನ ಬಿಳಿ ಯೂನಿಫಾರ್ಮಿಗೆಲ್ಲ ಸಿಡಿಯಿತು. ಅವಳ ಕೆಲಸ ಇಷ್ಟೇ. ವಿಮಾನವನ್ನು ಹಿಂದಿನಿಂದ ಹಿಡಿದು ಕೂರುವುದು, ಕಾಕಾ ಕೈ ಎತ್ತಿದ ಕೂಡಲೇ ಬಿಡುವುದು.

ಅರವತ್ತು ಫೂಟು ದೂರ ಹೋಗಿ ಕಾಕಾ ಹಿಡಿಕೆ ಆಡಿಸಿ ನೋಡಿದ. ಬಲಗಡೆಯ ಫ್ಲ್ಯಾಪ್ ಎದ್ದಿತು. ಎಡಗಡೆಯದು ಏಳಲಿಲ್ಲ. ಅದರ ಮೇಲೆ ಹಂಪವ್ವನ ಹೆಬ್ಬೆರಳು ಇತ್ತು.

ಬೆರಳು ತೆಗೆದಳು. ಎರಡೂ ಎದ್ದವು. ಬೆರಳಿಟ್ಟಳು. ಒಂದು ಮಲಗಿತು. ನಡುವಿನ ಕಡ್ಡಿ ಸುಮ್ಮನೆ ತಿರುಚಿಕೊಳ್ಳುತ್ತಿತ್ತು. ಅವಳು ಗಟ್ಟಿಯಾಗಿ ಒತ್ತಿಯೂ ಇರಲಿಲ್ಲ.

ಕಾಕಾ ಕೈ ಎತ್ತಿದ. ಹಂಪವ್ವ ಬಿಡಲಿಲ್ಲ. ಇನ್ನೊಮ್ಮೆ ಎತ್ತಿದ. ಅವಳು ತಲೆ ಅಲ್ಲಾಡಿಸಿದಳು.

“ಬಿಡಬೇ ಹಂಪವ್ವ,” ಅಂತ ಅವಳ ಕ್ಲಾಸಿನ ವೆಂಕೋಬ ಕೂಗಿದ. ಉಳಿದವರೂ ಕೂಗಿದರು. ವಿಮಾನ ಮುಂದಕ್ಕೆ ಎಳೆಯುತ್ತಿತ್ತು, ಅವಳು ಹಿಂದಕ್ಕೆ. ಕಣ್ಣೊಳಗೆ ಎಣ್ಣೆ ಹೋಯಿತು. ನಾಲ್ಕು ನಿಮಿಷಕ್ಕೆ ಇಂಧನ ತೀರಿ ಎಂಜಿನ್ ತಾನಾಗೇ ನಿಂತಿತು.

ಅಮರಪ್ಪನವರು ಚಷ್ಮಾ ಹಾಕಿಕೊಂಡು ಹಾಳೆ ಬಿಚ್ಚಿದರು. “ಈಗ ತಾನೇ ಹಕ್ಕಿಯಂತೆ ಹಾರಿ ಬಂದ ಈ ವಿಮಾನವನ್ನು ಕಂಡು ನಮಗೆಲ್ಲ ಆನಂದವಾಗಿದೆ,” ಅಂತ ಬರೆದದ್ದನ್ನು ಬರೆದಂತೆಯೇ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಕಾಕಾ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಯಾಕ ಬಿಡಲಿಲ್ಲ?”

ಹಂಪವ್ವ ಹೆಬ್ಬೆರಳಿಟ್ಟು ತೋರಿಸಿದಳು. “ಪರೀಕ್ಷಾ ಮಾಡೀನಿ ಅಂತ ಬರದೆ. ಮಾಡಿದ್ದಿಲ್ಲ. ದಪ್ಪಂದು ಬಗ್ಗಲಿಲ್ಲ ಕಾಕಾ. ಅದಕ್ಕ ತೆಳ್ಳಂದು ಹಾಕಿದೆ.” ಅಷ್ಟರಲ್ಲಿ ಅಳು ಬಂತು. ಎಣ್ಣೆಗೋ ಅಳುವಿಗೋ, ಮೂಗೂ ಸೋರಿತು.

ಕಾಕಾ ತಾನೂ ಬೆರಳಿಟ್ಟು ನೋಡಿದ. “ಹೌದು,” ಅಂದ.

“ನಿನಗ ಮೊದಲ ಗೊತ್ತಿತ್ತೇನು?”

“ಇಲ್ಲ. ನಾ ನೋಡೇ ಇಲ್ಲ.”

“ಯಾಕ ನೋಡಲಿಲ್ಲ?”

“ನಿನ್ನ ಸಹಿ ಇತ್ತಲ್ಲ.”

ಹಂಪವ್ವ ಮೂಗು ಒರೆಸಿಕೊಂಡು ಎದ್ದಳು. ಮನೆಯತನಕ ವಿಮಾನವನ್ನು ತಾನೇ ಹೊತ್ತಳು.

ಸಂಜೆ ಅಬೇದಾಬಿ ಮೂರರ ಕಡ್ಡಿಯನ್ನು ಮೇಜಿನ ವೈಸಿನ ದವಡೆಗೆ ಬಿಗಿದು, ಅದರ ತುದಿಗೆ ಉದ್ದನೆಯ ಪೈಪು ತೂರಿಸಿ ಕೊಟ್ಟಳು. “ಈಗ ಜೋತು ಬೀಳು,” ಅಂದಳು, ತಲೆ ಎತ್ತದೆ. ಹಂಪವ್ವ ಜೋತು ಬಿದ್ದಳು. ಕಡ್ಡಿ ಬಗ್ಗಿತು. ಒಂದು ಮೂಲೆ ಅಷ್ಟೇನು ಚಂದ ಬರಲಿಲ್ಲ.

ಕಡ್ಡಿ ಕೂಡಿಸಿ, ಒಂದು ಫ್ಲ್ಯಾಪ್ ಒತ್ತಿ ಹಿಡಿದಳು. ಕಾಕಾ ಹಿಡಿಕೆ ಆಡಿಸಿದರೂ ಇನ್ನೊಂದೂ ಅಲುಗದೆ ನಿಂತಿತು. ಎಡಗಡೆ ಒತ್ತಿದಳು, ಬಲಗಡೆ ಒತ್ತಿದಳು. ಕಾಕಾ ನೋಟ್‌ಬುಕ್ಕಿನ ಹಳೆಯ ಬರಹವನ್ನು ಗೆರೆ ಎಳೆದು ಹೊಡೆದುಹಾಕಿ, ಪೆನ್ನು ಮುಂದೆ ಹಿಡಿದ.

ಹಂಪವ್ವ ಪೆನ್ನಿನ ಟೋಪಿ ತೆಗೆದಳು. ಹಾಳೆ ನೋಡಿದಳು.

“ತಡಿ ಕಾಕಾ,” ಅಂದಳು. ಟೋಪಿ ಹಾಕಿ ಪೆನ್ನು ಕೆಳಗಿಟ್ಟು, ಫ್ಲ್ಯಾಪ್ ಮೇಲೆ ಮತ್ತೊಮ್ಮೆ ಹೆಬ್ಬೆರಳಿಟ್ಟಳು.