ಅವಳಿಲ್ಲದ ಹೆರಿಗೆ ವಾರ್ಡು

ಚಳ್ಳಕೆರೆಯ ಬಸ್ ಸ್ಟ್ಯಾಂಡಿಗೆ ಚಿರಂಜೀವಿ ನಗುತ್ತಾ ಬಂದಾಗ, ತನ್ನನ್ನು ತಡೆಯಲೆಂದೇ ಬಂದನೆಂದು ಕಾಂಚನಾ ತಿಳಿದಳು. 2004ರ ಬೇಸಿಗೆ. ಮೊಳಕಾಲ್ಮೂರಿಗೆ ಅವಳ ವರ್ಗವಾಗಿತ್ತು.

ಇಬ್ಬರೂ ಮೆಡಿಕಲ್ ಕಾಲೇಜೊಂದರ ಡಾಕ್ಟರುಗಳು. ಅವಳು ಹೆರಿಗೆ ವಿಭಾಗ, ಅವನು ಅರಿವಳಿಕೆ. ಕಾಲೇಜಿನವರ ಚಳ್ಳಕೆರೆ ಆಸ್ಪತ್ರೆಯಲ್ಲಿ ಪರಿಚಯವಾದದ್ದು. ಮೊದಲ ದಿನ ಅವಳ ಬಾಯಲ್ಲಿ ‘ಐತೆ’ ಕೇಳಿ, ಯಾವ ಊರೆಂದು ಕಣ್ಣಲ್ಲೇ ನಗುತ್ತಾ ಕೇಳಿದ್ದ. ಅವಳದು ದೊಡ್ಡಉಳ್ಳಾರ್ತಿ, ಅವನದು ಪಕ್ಕದ ತಾಲ್ಲೂಕಿನ ಬಿ.ಜಿ. ಕೆರೆ. ಆಮೇಲೆ ಅವನು ಬಾಗಿಲಲ್ಲಿ ಕಂಡರೆ ಸಾಕು, ಅವಳ ಕೈ ತಾನಾಗಿ ಮುಂಗುರುಳಿಗೆ ಹೋಗುತ್ತಿತ್ತು.

ಆ ವರ್ಷ ಸ್ವಪ್ನ ಎಂಬ ಬಾಣಂತಿ ರಕ್ತಸ್ರಾವದಿಂದ ಕಾಂಚನಾಳ ಕಣ್ಣೆದುರೇ ತೀರಿಕೊಂಡಳು. ರಕ್ತ ನಿಲ್ಲಿಸುವ ಇಂಜೆಕ್ಷನ್ ಇತ್ತು, ಸ್ಟೋರಿನ ಬೀಗದೊಳಗೆ. ಔಷಧಿ ವಾರ್ಡಿನಲ್ಲೇ ಇರಬೇಕು, ತುರ್ತಿನಲ್ಲಿ ಯಾರು ಏನು ಮಾಡಬೇಕೆಂದು ಎಲ್ಲ ವಿಭಾಗದವರೂ ಕೂಡಿ ಕಲಿಯಬೇಕು ಎಂದು ಕಾಂಚನಾ ಹಟ ಹಿಡಿದಳು. ಆಸ್ಪತ್ರೆಯ ಮುಖ್ಯಸ್ಥರಿಗೆ ಅದು ತಮ್ಮ ಮೇಲಿನ ದೂರಿನಂತೆ ಕಂಡಿತು. ಅವಳ ಜೊತೆ ವಿಭಾಗದಿಂದ ವಿಭಾಗಕ್ಕೆ ಅಲೆದವನು ಚಿರಂಜೀವಿ ಒಬ್ಬನೇ. ಎಲ್ಲರೂ ಟೀ ಕೊಟ್ಟರು. ಬೆಂಬಲ ಯಾರೂ ಕೊಡಲಿಲ್ಲ. ಕೊನೆಗೆ ಬಂದದ್ದು, ಕಾಲೇಜಿನವರದೇ ಮೊಳಕಾಲ್ಮೂರು ಆಸ್ಪತ್ರೆಗೆ ಅವಳ ವರ್ಗದ ಆದೇಶ.

“ಔಷಧಿ, ತರಬೇತಿ ಎರಡಕ್ಕೂ ಒಪ್ಪಿಗೆ ಸಿಕ್ತು,” ಎಂದ ಚಿರಂಜೀವಿ. “ಸೋಮವಾರದಿಂದ ಶುರು.”

ಅವಳ ಕಣ್ಣು ತುಂಬಿ ಬಂತು. “ಹಂಗಾದ್ರೆ ನನ್ನ ವರ್ಗ?”

ಅವನು ಬಸ್ಸಿನ ಕಡೆ ನೋಡುತ್ತಾ ಹೇಳಿದ. ಮುಖ್ಯಸ್ಥರದು ಒಂದೇ ಷರತ್ತು: ಆ ಕೆಲಸ ಅವನು ನಡೆಸಬೇಕು, ಅವಳು ಅದರಲ್ಲಿ ಇರಕೂಡದು. ಅವನು ಒಪ್ಪಿಕೊಂಡು ಬಂದಿದ್ದ.

“ಇನ್ನೊಬ್ಬಳು ಸಾಯೋದು ಬ್ಯಾಡ ಅಂತ ಒಪ್ಪಿದೆ. ಅವ್ವನ್ನ ನಿಮ್ಮನೆಗೆ ಕಳಿಸ್ತೀನಿ ಕಾಂಚನಾ. ನನ್ನ ಮದುವೆ ಆಗ್ತೀರಾ?”

ಎಷ್ಟೋ ದಿನದಿಂದ ಅವಳು ಕಾದಿದ್ದ ಮಾತು. ಈಗ ಅದು ಕಿವಿಗೆ ಬಿದ್ದರೂ ಎದೆಗೆ ಇಳಿಯಲಿಲ್ಲ.

“ಒಪ್ಪೋಕೆ ಮುಂಚೆ ಒಂದ್ಮಾತು ಕೇಳಿದ್ದಿದ್ರೆ ನಾನೇ ನಗ್ತಾ ಹೋಗ್ತಿದ್ದೆ,” ಎಂದಳು. “ನೀವು ಕೇಳ್ಲೇ ಇಲ್ಲ.”

“ನಿಮ್ಮನ್ನ ಬಿಟ್ಟು ನನ್ನ ಮನಸ್ಸಲ್ಲಿ ಯಾರೂ ಇಲ್ಲ.”

“ಗೊತ್ತೈತೆ. ನಂಗೂ ನಿಮ್ಮ ಮ್ಯಾಲೆ ಅಷ್ಟೇ ಜೀವ ಐತೆ. ಆದ್ರೆ ನಿಮ್ಮನ್ನ ನಂಬಿ ಬದುಕೋಕೆ ಇನ್ನು ಆಗಲ್ಲ.”

ಬಸ್ಸು ಹೊರಟಿತು. ಗೇಟಿನವರೆಗೂ ಕಿಟಕಿಯ ಪಕ್ಕ ನಡೆದು ಬಂದವನನ್ನು ಅವಳು ತಿರುಗಿ ನೋಡಲಿಲ್ಲ.

ಮೊಳಕಾಲ್ಮೂರಿನಿಂದ ಅವಳು ಕಷ್ಟದ ಹೆರಿಗೆಗಳನ್ನು ಚಳ್ಳಕೆರೆಗೇ ಕಳಿಸಬೇಕಾಗುತ್ತಿತ್ತು. ಹೋದವರು ಬದುಕಿ ಬರತೊಡಗಿದರು. ಅದಕ್ಕೆ ಸಂತೋಷಪಡುವಾಗಲೆಲ್ಲ, ಆ ವಾರ್ಡಿನಲ್ಲಿ ತಾನಿಲ್ಲವೆಂಬುದೂ ಅವಳಿಗೆ ನೆನಪಾಗುತ್ತಿತ್ತು. ಒಂದು ಮಧ್ಯಾಹ್ನ, ಚಳ್ಳಕೆರೆಯಲ್ಲಿ ಹೆತ್ತು ಬಂದ ರಂಗಕ್ಕ ಎಂಬ ಬಾಣಂತಿ ಕೂಸನ್ನು ತೋರಿಸಲು ಬಂದವಳು, “ಅಲ್ಲಿ ಚಿರಂಜೀವಿ ಡಾಕ್ಟ್ರು ನೀವು ಹೆಂಗಿದೀರಿ ಅಂತ ಕೇಳಿದ್ರವ್ವಾ,” ಎಂದಳು.

ಕಾಂಚನಾ ಕೂಸನ್ನು ಎತ್ತಿಕೊಂಡು, ಅದು ಚೆನ್ನಾಗಿ ಹಾಲು ಕುಡೀತೈತಾ ಎಂದು ಕೇಳಿದಳು.